ಹಳೇ ಜಾವಾ ಕೋಡಿಗೆ ಕ್ವಾಲಿಟಿ ಚೆಕ್: ಯಾವುದು ಮರ್ಜ್ ತಡೆಯಬೇಕು, ಯಾವುದು ಸುಮ್ನೆ ತೋರಿಸಿದರೆ ಸಾಕು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮದು ವಿಮೆಯ ಕಂತು ಲೆಕ್ಕ ಹಾಕುವ ಜಾವಾ ಅಪ್ಲಿಕೇಶನ್. ಹತ್ತು ವರ್ಷಕ್ಕಿಂತ ಹಳೇದು. ಶುರುವಿನಲ್ಲಿ ಬರೆದವರು ಯಾರೂ ಈಗ ಟೀಮಲ್ಲಿಲ್ಲ. ಮೇಲಿನವರು ಹೇಳಿದ ಮೇಲೆ, ಕೋಡನ್ನು ಓಡಿಸದೆಯೇ ಓದಿ ತಪ್ಪು ತೋರಿಸುವ ಸೋನಾರ್‌ಕ್ಯೂಬ್, ಪಿಎಂಡಿ, ಸ್ಪಾಟ್‌ಬಗ್ಸ್ ಟೂಲು ಮೂರನ್ನೂ ಬಿಲ್ಡ್‌ಗೆ ಸೇರಿಸಿದೆವು. ಮೊದಲ ಸ್ಕ್ಯಾನ್‌ಗೇ ಸಾವಿರಾರು ಎಚ್ಚರಿಕೆ ಬಂತು.

ಈಗ ಆಫೀಸಿನಲ್ಲಿ ಎರಡು ಮಾತು ನಡೆಯುತ್ತಿದೆ. ಒಂದು, ಎಚ್ಚರಿಕೆ ಸೊನ್ನೆ ಆಗುವ ತನಕ ಹೊಸ ಫೀಚರ್ ನಿಲ್ಲಿಸೋಣ ಅನ್ನುವುದು. ಇನ್ನೊಂದು, ಪ್ರತಿ ಕ್ಲಾಸಿನ ಕಾಂಪ್ಲೆಕ್ಸಿಟಿ (ಕೋಡಿನ ಕವಲುಗಳ ಎಣಿಕೆ), ಕೊಹೀಶನ್ (ಒಳಗಿನ ಒಗ್ಗಟ್ಟು), ಇನ್‌ಹೆರಿಟೆನ್ಸ್ ಆಳ ಎಲ್ಲಕ್ಕೂ ಒಂದೊಂದು ಮಿತಿ ಇಟ್ಟು, ಮೀರಿದರೆ ಮರ್ಜ್ (ಬದಲಾವಣೆಯನ್ನು ಮುಖ್ಯ ಕೋಡಿಗೆ ಸೇರಿಸುವುದು) ತಡೆಯೋಣ ಅನ್ನುವುದು. ನನಗೆ ಎರಡೂ ಸರಿ ಅನಿಸುತ್ತಿಲ್ಲ. ಹಾಗಂತ ಚೆಕ್ ಬೇಡ ಅನ್ನುವವನೂ ನಾನಲ್ಲ. ನಿಮ್ಮ ಕಡೆ ಯಾವ ಚೆಕ್ ಮರ್ಜ್ ತಡೆಯುತ್ತೆ, ಯಾವುದು ತೋರಿಸಿ ಬಿಡುತ್ತೆ? ಕಾರಣ ಸಮೇತ ಹೇಳಿದರೆ ತುಂಬಾ ಉಪಕಾರ.

ಬೈಟ್‌ಕೋಡ್

ತುಂಗಾತೀರ ಅವರೇ, ಮೊದಲು ಆ ಮೂರು ಟೂಲಿನ ಪಟ್ಟಿಯನ್ನು ಬೇರೆ ಬೇರೆ ಇಟ್ಟು ನೋಡಿ. ಎಲ್ಲವನ್ನೂ ಒಂದೇ ಕಡೆ ಸುರಿದರೆ ಯಾವುದು ಮುಖ್ಯ ಅಂತಲೇ ಗೊತ್ತಾಗಲ್ಲ.

ಪಿಎಂಡಿ ಓದುವುದು ಸೋರ್ಸ್ ಕೋಡನ್ನು. ಸ್ಪಾಟ್‌ಬಗ್ಸ್ ಓದುವುದು ಕಂಪೈಲ್ ಆದ ಮೇಲಿನ ಬೈಟ್‌ಕೋಡನ್ನು. ಸ್ಪಾಟ್‌ಬಗ್ಸ್ ಹುಟ್ಟಿದ್ದು ಫೈಂಡ್‌ಬಗ್ಸ್‌ನಿಂದ. ಅದನ್ನು ಕಟ್ಟಿದವರು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಿಲ್ ಪ್ಯೂ ಮತ್ತು ಡೇವಿಡ್ ಹೋವ್‌ಮೇಯರ್. 2004ರಲ್ಲಿ ಅವರು ಬರೆದ ಪ್ರಬಂಧದ ವಾದ ಸರಳ. ಅನುಭವ ಇರುವವರ ಕೋಡಿನಲ್ಲೂ ಕಣ್ಣಿಗೆ ಹೊಡೆಯುವಂಥ ತಪ್ಪುಗಳು ಇರುತ್ತವೆ. ಅವನ್ನು ಹಿಡಿಯಲು ಭಾರೀ ಗಣಿತ ಬೇಡ. ತಪ್ಪಿನ ಮಾದರಿ ಗೊತ್ತಿದ್ದರೆ ಸಾಕು.

ನನ್ನ ಲೆಕ್ಕದಲ್ಲಿ ಎಚ್ಚರಿಕೆಗಳಲ್ಲಿ ಎರಡು ಜಾತಿ. ಒಂದು, "ಈ ಸಾಲು ತಪ್ಪು, ಹೀಗೆ ಮುರಿಯುತ್ತೆ" ಅನ್ನುವಂಥದ್ದು. ಇನ್ನೊಂದು, "ಈ ಕ್ಲಾಸಿನ ಅಂಕಿ ಜಾಸ್ತಿ ಇದೆ" ಅನ್ನುವಂಥದ್ದು. ಮೊದಲನೆಯದು ಮರ್ಜ್ ತಡೆಯಲಿ. ಎರಡನೆಯದು ತಡೆಯಬಾರದು.

ಮೊದಲ ಜಾತಿಗೆ ಉದಾಹರಣೆ, ಈಕ್ವಲ್ಸ್ (ಎರಡು ಆಬ್ಜೆಕ್ಟ್ ಸಮವಾ ಅಂತ ಹೇಳುವ ಮೆಥಡ್) ಬರೆದು ಹ್ಯಾಶ್‌ಕೋಡ್ (ಆಬ್ಜೆಕ್ಟನ್ನು ಬೇಗ ಹುಡುಕಲು ಒಂದು ಸಂಖ್ಯೆ ಕೊಡುವ ಮೆಥಡ್) ಬರೆಯದೇ ಬಿಡುವುದು. ಜಾವಾದ ನಿಯಮ ಸ್ಪಷ್ಟವಾಗಿದೆ. ಎರಡು ಆಬ್ಜೆಕ್ಟ್ ಸಮ ಅಂತಾದರೆ ಅವುಗಳ ಹ್ಯಾಶ್‌ಕೋಡ್ ಕೂಡ ಒಂದೇ ಇರಬೇಕು. ಇದನ್ನು ಮುರಿದರೆ ಹ್ಯಾಶ್‌ಮ್ಯಾಪಿಗೆ ಹಾಕಿದ ಪಾಲಿಸಿ ಮತ್ತೆ ಹುಡುಕಿದಾಗ ಸಿಗಲ್ಲ. ಎಕ್ಸೆಪ್ಶನ್ ಬರಲ್ಲ. ಲಾಗಿನಲ್ಲೂ ಏನೂ ಇರಲ್ಲ. ಸಿಗಲಿಲ್ಲ ಅಂತ ಕೋಡ್ ಇನ್ನೊಂದು ಪಾಲಿಸಿ ಸೇರಿಸಿಕೊಂಡು ಮುಂದೆ ಹೋಗುತ್ತೆ. ನಿಮ್ಮಂಥ ಅಪ್ಲಿಕೇಶನ್‌ನಲ್ಲಿ ಒಂದೇ ಕಂತು ಎರಡು ಸಲ ಬೀಳೋಕೆ ಇಷ್ಟು ಸಾಕು.

ಇನ್ನೊಂದು, ಪೇರೆಂಟ್ ಕ್ಲಾಸಿನ ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡ್) ಒಳಗಿಂದ, ಸಬ್‌ಕ್ಲಾಸ್ ಓವರ್‌ರೈಡ್ ಮಾಡಬಹುದಾದ, ಅಂದರೆ ತನ್ನ ರೀತಿಯಲ್ಲಿ ಮತ್ತೆ ಬರೆಯಬಹುದಾದ ಮೆಥಡ್ ಕರೆಯುವುದು. ಪಿಎಂಡಿಯಲ್ಲಿ ಇದಕ್ಕಂತಲೇ ಒಂದು ರೂಲ್ ಇದೆ. ಸಬ್‌ಕ್ಲಾಸ್ ಆ ಮೆಥಡನ್ನು ಓವರ್‌ರೈಡ್ ಮಾಡಿದೆ ಅಂದುಕೊಳ್ಳಿ. ಸಬ್‌ಕ್ಲಾಸಿನ ಫೀಲ್ಡ್‌ಗಳು ತುಂಬುವ ಮೊದಲೇ ಆ ಮೆಥಡ್ ಓಡುತ್ತೆ. ಫೀಲ್ಡ್ ನಲ್ ಆಗಿದ್ದರೆ ಅದೃಷ್ಟ, ಅಲ್ಲೇ ಬಿದ್ದು ಗೊತ್ತಾಗುತ್ತೆ. ಸಂಖ್ಯೆಯ ಫೀಲ್ಡ್ ಆಗಿದ್ದರೆ ಸೊನ್ನೆ ಇಟ್ಟುಕೊಂಡೇ ಲೆಕ್ಕ ನಡೆದುಬಿಡುತ್ತೆ. ಇದಕ್ಕಿಂತ ಕೆಟ್ಟದ್ದೂ ಇದೆ. ಆ ಮೆಥಡ್ ಫೀಲ್ಡಿಗೆ ಒಂದು ಬೆಲೆ ಹಾಕಿರುತ್ತೆ. ಆಮೇಲೆ ಓಡುವ ಫೀಲ್ಡ್ ಇನಿಶಿಯಲೈಸರ್ ಅದನ್ನು ಅಳಿಸಿ ಹಾಕುತ್ತೆ. ಪೇರೆಂಟ್ ಓದಿದರೂ ತಪ್ಪು ಕಾಣಲ್ಲ. ಸಬ್‌ಕ್ಲಾಸ್ ಓದಿದರೂ ಕಾಣಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಾತ್ರ ಕಾಣುತ್ತೆ. ಪುಲ್ ರಿಕ್ವೆಸ್ಟ್ (ಮರ್ಜ್ ಮಾಡಿ ಅಂತ ಕಳಿಸಿದ ಬದಲಾವಣೆ) ನೋಡುವವರ ಮುಂದೆ ಇರುವುದು ಬದಲಾದ ಸಾಲುಗಳು ಮಾತ್ರ ಅಲ್ವಾ? ಇಂಥ ಕಡೆ ಯಂತ್ರದ ಕಣ್ಣೇ ಬೇಕು.

ಹುಬ್ಬಳ್ಳಿ_ಹುಡುಗ

ಕನ್‌ಸ್ಟ್ರಕ್ಟರ್ ವಿಷಯಕ್ಕೆ ಸಿ ಪ್ಲಸ್ ಪ್ಲಸ್ ಕಡೆಯಿಂದ ಒಂದು ಮಾತು. ನಾನು ಗಾಡಿಗಳ ಕಂಟ್ರೋಲ್ ಯುನಿಟ್‌ಗೆ ಕೋಡ್ ಬರೆಯುವವನು.

ನಮ್ಮಲ್ಲಿ ಪೇರೆಂಟ್ ಕನ್‌ಸ್ಟ್ರಕ್ಟರ್ ಓಡುವಾಗ ಆಬ್ಜೆಕ್ಟ್ ಇನ್ನೂ ಪೇರೆಂಟ್ ಆಗಿಯೇ ಇರುತ್ತೆ. ವರ್ಚುವಲ್ ಮೆಥಡ್ ಕರೆದರೆ ಪೇರೆಂಟಿನದ್ದೇ ಓಡುತ್ತೆ, ಸಬ್‌ಕ್ಲಾಸಿನದ್ದು ಓಡಲ್ಲ. ಸಿ ಶಾರ್ಪ್‌ನಲ್ಲಿ ಮತ್ತೆ ಬೇರೆ. ಅಲ್ಲಿ ಸಬ್‌ಕ್ಲಾಸಿನ ಫೀಲ್ಡ್ ಇನಿಶಿಯಲೈಸರ್ ಮೊದಲು ಓಡುತ್ತೆ, ಪೇರೆಂಟ್ ಕನ್‌ಸ್ಟ್ರಕ್ಟರ್ ಆಮೇಲೆ. ನೋಡಲು ಒಂದೇ ಥರದ ಕೋಡ್, ಮೂರು ಭಾಷೆಯಲ್ಲಿ ಮೂರು ನಡವಳಿಕೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ಬಂದವರು ಇಲ್ಲೇ ಎಡವುತ್ತಾರೆ. ಮೂರೂ ಕಡೆ ಇದನ್ನು ಹಿಡಿಯುವ ಚೆಕ್ ಇದೆ. ಹಾಕಿಕೊಳ್ಳಿ.

ನಾವು ಕಡ್ಡಾಯ ಮಾಡಿರುವ ಇನ್ನೊಂದು ಚೆಕ್ ವರ್ಚುವಲ್ ಡಿಸ್ಟ್ರಕ್ಟರ್‌ದು. ಡಿಸ್ಟ್ರಕ್ಟರ್ ಅಂದರೆ ಆಬ್ಜೆಕ್ಟ್ ಅಳಿಸುವಾಗ ಓಡುವ ಕೋಡ್. ಪೇರೆಂಟ್ ಪಾಯಿಂಟರ್ ಮೂಲಕ ಸಬ್‌ಕ್ಲಾಸ್ ಆಬ್ಜೆಕ್ಟನ್ನು ಡಿಲೀಟ್ ಮಾಡಿದಾಗ, ಪೇರೆಂಟಿನ ಡಿಸ್ಟ್ರಕ್ಟರ್ ವರ್ಚುವಲ್ ಅಲ್ಲದಿದ್ದರೆ ಏನಾಗುತ್ತೆ ಅಂತ ಭಾಷೆಯೇ ಹೇಳಲ್ಲ. ಏನು ಬೇಕಾದರೂ ಆಗಬಹುದು. ಜಿಸಿಸಿ, ಕ್ಲ್ಯಾಂಗ್ ಎರಡೂ ಕಂಪೈಲರಿನಲ್ಲಿ ಇದಕ್ಕೆ ವಾರ್ನಿಂಗ್ ಇದೆ. ಅದನ್ನು ಎರರ್ ಮಾಡಿಟ್ಟಿದ್ದೇವೆ.

ಸಂಪಿಗೆ

ನಾನು ಟೆಸ್ಟಿಂಗ್ ಟೀಮ್ ನೋಡಿಕೊಳ್ಳುತ್ತೇನೆ. "ಸೊನ್ನೆ ಆಗುವ ತನಕ ಫೀಚರ್ ನಿಲ್ಲಿಸೋಣ" ಅನ್ನುವ ಮಾತಿಗೆ ದಯವಿಟ್ಟು ಒಪ್ಪಬೇಡಿ. ಇದನ್ನು ದೊಡ್ಡವರೇ ಮಾಡಿ ನೋಡಿದ್ದಾರೆ.

ಗೂಗಲ್ ತನ್ನ ಅನುಭವವನ್ನು 2018ರಲ್ಲಿ ಬರೆದಿದೆ. 2009ರಲ್ಲಿ ಅಲ್ಲಿ ಒಂದು ವಾರ ಇಂಜಿನಿಯರುಗಳೆಲ್ಲ ಸೇರಿ ಫೈಂಡ್‌ಬಗ್ಸ್ ಎಚ್ಚರಿಕೆಗಳನ್ನು ನೋಡುವ ಅಭಿಯಾನ ಮಾಡಿದರು. ನೋಡಿದ ಎಚ್ಚರಿಕೆಗಳಲ್ಲಿ ಶೇ. 44ಕ್ಕೆ ಬಗ್ ರಿಪೋರ್ಟ್ ಹಾಕಿದರು. ನಿಜವಾಗಿ ಸರಿಯಾಗಿದ್ದು ಶೇ. 16 ಮಾತ್ರ. ಬಗ್ ಅಂತ ಒಪ್ಪಿಕೊಂಡ ಮೇಲೂ ಬಹಳಷ್ಟನ್ನು ಯಾರೂ ಮುಟ್ಟಲಿಲ್ಲ. ಯಾಕೆಂದರೆ ಸರಿಪಡಿಸುವಷ್ಟು ಮುಖ್ಯ ಅನಿಸಲಿಲ್ಲ.

ಫೇಸ್‌ಬುಕ್‌ನವರು ಇನ್‌ಫರ್ ಟೂಲ್ ಬಗ್ಗೆ 2019ರಲ್ಲಿ ಬರೆದದ್ದು ಇನ್ನೂ ಸ್ಪಷ್ಟ. ರಾತ್ರಿ ಇಡೀ ಸ್ಕ್ಯಾನ್ ಓಡಿಸಿ ಪಟ್ಟಿ ಕೊಟ್ಟಾಗ ಸರಿಪಡಿಸಿದವರು ಹೆಚ್ಚು ಕಡಿಮೆ ಯಾರೂ ಇಲ್ಲ. ಅದೇ ಟೂಲನ್ನು, ಅದೇ ಎಚ್ಚರಿಕೆಗಳನ್ನು, ಕೋಡ್ ರಿವ್ಯೂ ನಡೆಯುವಾಗ ಆ ಸಾಲಿನ ಪಕ್ಕದಲ್ಲೇ ತೋರಿಸಿದರು. ಸರಿಪಡಿಸುವ ಪ್ರಮಾಣ ಶೇ. 70 ದಾಟಿತು. ಟೂಲ್ ಜಾಣ ಆಗಲಿಲ್ಲ. ತೋರಿಸುವ ಹೊತ್ತು ಬದಲಾಯಿತು ಅಷ್ಟೇ. ಬರೆದವರ ತಲೆಯಲ್ಲಿ ಆ ಕೋಡ್ ಇನ್ನೂ ಬಿಸಿ ಇರುವಾಗ ಹೇಳಿದರೆ ಎರಡು ನಿಮಿಷದ ಕೆಲಸ. ಆರು ತಿಂಗಳು ಬಿಟ್ಟು ಹೇಳಿದರೆ ಅದೇ ಒಂದು ಪ್ರಾಜೆಕ್ಟ್.

ಆದ್ದರಿಂದ ಹೊಸ ಕೋಡಿಗೆ ಮಾತ್ರ ಗೇಟ್, ಅಂದರೆ ಮರ್ಜ್ ತಡೆಯುವ ಚೆಕ್, ಇಡಿ. ಸೋನಾರ್‌ಕ್ಯೂಬ್‌ನ ಡೀಫಾಲ್ಟ್ ಗೇಟ್ ಕೂಡ ಹೊಸ ಕೋಡನ್ನೇ ನೋಡುತ್ತೆ: ಕವರೇಜ್ (ಟೆಸ್ಟ್‌ಗಳು ಓಡಿಸುವ ಕೋಡಿನ ಪಾಲು) ಶೇ. 80 ಇರಬೇಕು, ನಕಲು ಸಾಲುಗಳು ಶೇ. 3 ಮೀರಬಾರದು. ಅದನ್ನು ಇಡೀ ಹಳೇ ಕೋಡಿಗೆ ಎಳೆಯಬೇಡಿ.

ಗೇಟ್_ಇರಲಿ

ಬೈಟ್‌ಕೋಡ್ ಸರ್ ಹೇಳಿದ ಎರಡು ಜಾತಿ ಸರಿ. ಆದರೆ ಅಂಕಿಗಳು ಮರ್ಜ್ ತಡೆಯಲೇಬಾರದು ಅನ್ನುವುದನ್ನು ನಾನು ಒಪ್ಪಲ್ಲ.

ದೊಡ್ಡ ಕ್ಲಾಸ್ ಒಂದೇ ದಿನದಲ್ಲಿ ದೊಡ್ಡದಾಗಲ್ಲ. ಇವತ್ತು ಹತ್ತು ಸಾಲು, ನಾಳೆ ಇಪ್ಪತ್ತು ಸಾಲು. ಪ್ರತಿ ಸಲವೂ ರಿವ್ಯೂ ಮಾಡುವವರು "ಇಷ್ಟೇ ತಾನೇ" ಅಂತ ಬಿಡುತ್ತಾರೆ. ಬರೆದವರು ಸೀನಿಯರ್ ಆಗಿದ್ದರೆ ಹೊಸಬರು ಬಾಯಿ ಬಿಡೋದೇ ಇಲ್ಲ. ಯಂತ್ರಕ್ಕೆ ಆ ಸಂಕೋಚ ಇಲ್ಲ. ಕೆಲಸಕ್ಕೆ ಸೇರಿ ಮೂರು ತಿಂಗಳಾದ ಹುಡುಗಿಯೂ ಆರ್ಕಿಟೆಕ್ಟ್‌ಗೆ "ಸರ್, ಗೇಟ್ ಬಿಡುತ್ತಿಲ್ಲ" ಅಂತ ಧೈರ್ಯವಾಗಿ ಹೇಳಬಹುದು. ಇದು ಸಣ್ಣ ವಿಷಯ ಅಲ್ಲ.

ಪಿಎಂಡಿಯ ಗಾಡ್ ಕ್ಲಾಸ್ ರೂಲನ್ನೇ ನೋಡಿ. ಅದು ಒಂದೇ ಅಂಕಿ ನೋಡಲ್ಲ. ಮೂರು ಒಟ್ಟಿಗೆ ಸೇರಬೇಕು. ಎಲ್ಲ ಮೆಥಡ್‌ಗಳ ಕಾಂಪ್ಲೆಕ್ಸಿಟಿ ಕೂಡಿಸಿದರೆ 47 ಅಥವಾ ಜಾಸ್ತಿ. ಬೇರೆ ಕ್ಲಾಸಿನ ಡೇಟಾವನ್ನು ಐದಕ್ಕಿಂತ ಹೆಚ್ಚು ಕಡೆ ಮುಟ್ಟುವುದು. ತನ್ನದೇ ಫೀಲ್ಡ್‌ಗಳನ್ನು ಹಂಚಿಕೊಳ್ಳುವ ಮೆಥಡ್ ಜೋಡಿಗಳು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಮಿಕೇಲೆ ಲಾಂಜಾ ಮತ್ತು ರಾಡು ಮರಿನೆಸ್ಕು 2006ರಲ್ಲಿ ಕೊಟ್ಟ ಸೂತ್ರ ಇದು. ಮೂರೂ ಸೇರಿದ ಕ್ಲಾಸನ್ನು ತೆರೆದು ನೋಡಿ. ಅದರ ಒಳಗೆ ಎರಡು ಮೂರು ಬೇರೆ ಬೇರೆ ಕೆಲಸ ನಡೆಯುತ್ತಿರುತ್ತೆ.

ಬೈಟ್‌ಕೋಡ್

@ಗೇಟ್_ಇರಲಿ ಹೊಸಬರ ಧೈರ್ಯದ ಮಾತು ನಿಜ. ಅದನ್ನು ಪೂರ್ತಿ ಒಪ್ಪುತ್ತೇನೆ. ನನ್ನ ತಕರಾರು ಅಂಕಿ ಏನನ್ನು ಅಳೆಯುತ್ತೆ ಅನ್ನುವುದರ ಬಗ್ಗೆ.

ಕ್ಲಾಸುಗಳಿಗೆ ಅಳತೆ ಅಂತ ಎಲ್ಲರೂ ಬಳಸುವ ಆರು ಮೆಟ್ರಿಕ್ ಬಂದದ್ದು ಚಿದಂಬರ್ ಮತ್ತು ಕೆಮರರ್ 1994ರಲ್ಲಿ ಬರೆದ ಪ್ರಬಂಧದಿಂದ. ಮೆಥಡ್‌ಗಳ ಒಟ್ಟು ತೂಕ, ಇನ್‌ಹೆರಿಟೆನ್ಸ್ ಆಳ, ಮಕ್ಕಳ ಸಂಖ್ಯೆ, ಬೇರೆ ಕ್ಲಾಸಿನ ಜೊತೆ ಜೋಡಣೆ, ಒಂದು ಮೆಸೇಜ್ ಬಂದರೆ ಎಷ್ಟು ಮೆಥಡ್ ಓಡಬಹುದು, ಒಳಗಿನ ಒಗ್ಗಟ್ಟಿನ ಕೊರತೆ. ಅವರು ಅಳೆದು ನೋಡಿದ್ದು ಸಿ ಪ್ಲಸ್ ಪ್ಲಸ್ ಮತ್ತು ಸ್ಮಾಲ್‌ಟಾಕ್ ಕೋಡನ್ನು. ಜಾವಾ ಆಗ ಹೊರಗೇ ಬಂದಿರಲಿಲ್ಲ.

ಆಮೇಲೆ ಬಹಳ ಜನ ಈ ಅಂಕಿಗೂ ಬಗ್‌ಗೂ ನಂಟಿದೆ ಅಂತ ತೋರಿಸಿದರು. 2001ರಲ್ಲಿ ಎಲ್ ಎಮಾಮ್ ಮತ್ತು ಜೊತೆಯವರು ಒಂದು ಸರಳ ಪ್ರಶ್ನೆ ಕೇಳಿದರು: ಕ್ಲಾಸಿನ ಗಾತ್ರವನ್ನು ಲೆಕ್ಕಕ್ಕೆ ತಗೊಂಡರೆ ಆ ನಂಟು ಉಳಿಯುತ್ತಾ? ಅವರು ನೋಡಿದ ಸಿಸ್ಟಮ್‌ನಲ್ಲಿ ಉಳಿಯಲಿಲ್ಲ. ದೊಡ್ಡ ಕ್ಲಾಸಿನಲ್ಲಿ ಬಗ್ ಜಾಸ್ತಿ, ಅಂಕಿಗಳೂ ಜಾಸ್ತಿ, ಅಷ್ಟೇ. ಇದರ ಮೇಲೆ ವಾದ ವಿವಾದ ನಡೆದಿದೆ. ಆದರೂ ಸಾಲು ಎಣಿಸಿದರೆ ಗೊತ್ತಾಗುವುದನ್ನೇ ಆರು ಹೆಸರಿನಲ್ಲಿ ಹೇಳಿ, ಅದರ ಮೇಲೆ ಮರ್ಜ್ ತಡೆಯುವುದು ನನಗೆ ಸರಿ ಕಾಣಲ್ಲ.

ತಡೆದರೆ ಜನ ಏನು ಮಾಡುತ್ತಾರೆ ಅನ್ನುವುದನ್ನೂ ನೋಡಬೇಕು. ಬಿಲ್ಲಿಂಗ್‌ ಸರ್ವಿಸ್ ಮಿತಿ ಮೀರಿದರೆ ಬಿಲ್ಲಿಂಗ್‌ ಸರ್ವಿಸ್ ಹೆಲ್ಪರ್ ಹುಟ್ಟುತ್ತೆ. ಅದೂ ಮೀರಿದರೆ ಹೆಲ್ಪರ್ 2. ಕೋಡ್ ಅದೇ, ಜಗಳ ಅದೇ, ಈಗ ಮೂರು ಫೈಲ್ ತೆರೆಯಬೇಕು. ಅಂಕಿ ಮಾತ್ರ ಹಸಿರು.

ಕಲಿಕೆ_ಮುಂದುವರಿದಿದೆ

ಸರ್, ಮೇಡಂ, ಒಂದು ಸಣ್ಣ ಪ್ರಶ್ನೆ. ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ಕ್ಲಾಸಿನಲ್ಲಿ ಇನ್‌ಹೆರಿಟೆನ್ಸ್ ಸರಿಯಾಗಿ ಬಳಸಿ, ಒಂದು ಕ್ಲಾಸಿಗೆ ಒಂದೇ ಜವಾಬ್ದಾರಿ ಕೊಡಿ ಅಂತ ಹೇಳಿಕೊಟ್ಟರು. ಸರಿಯಾಗಿದೆಯೋ ಇಲ್ಲವೋ ಅಂತ ಟೂಲ್ ಹೇಳುತ್ತಾ? ಸೋನಾರ್ ನನ್ನ ಪ್ರಾಜೆಕ್ಟ್‌ನಲ್ಲಿ ಇನ್‌ಹೆರಿಟೆನ್ಸ್ ಬಗ್ಗೆ ಒಂದೂ ತಪ್ಪು ತೋರಿಸಲಿಲ್ಲ.

ಬೈಟ್‌ಕೋಡ್

@ಕಲಿಕೆ_ಮುಂದುವರಿದಿದೆ ಒಳ್ಳೇ ಪ್ರಶ್ನೆ ಕೇಳಿದ್ದೀರಿ. ಸಣ್ಣದೇನಲ್ಲ.

ಸೋನಾರ್‌ನಲ್ಲಿ ಇನ್‌ಹೆರಿಟೆನ್ಸ್ ಆಳದ ರೂಲ್ ಇದೆ. ಡೀಫಾಲ್ಟ್ ಮಿತಿ 5. ಅದಕ್ಕಿಂತ ಆಳ ಹೋದರೆ ಮಾತ್ರ ಮಾತಾಡುತ್ತೆ. ಈಗ ಜಾವಾದ್ದೇ ಸ್ಟ್ಯಾಕ್ ಕ್ಲಾಸ್ ನೋಡಿ. ಅದು ವೆಕ್ಟರ್‌ನ ಸಬ್‌ಕ್ಲಾಸ್. ಆಳ ಮಿತಿಯೊಳಗೇ ಇದೆ, ಕೋಡ್ ಪುಟ್ಟದು, ಯಾವ ಮಿತಿಯೂ ಮೀರಲ್ಲ. ಆದರೆ ವೆಕ್ಟರ್‌ನಿಂದ ಬಂದಿದ್ದರಿಂದ ಸ್ಟ್ಯಾಕಿನ ನಡುವೆ ಎಲ್ಲಿ ಬೇಕಾದರೂ ಐಟಮ್ ತುರುಕಬಹುದು, ಬುಡದಿಂದ ತೆಗೆಯಬಹುದು. ಮೇಲಿಂದ ಹಾಕಿ ಮೇಲಿಂದಲೇ ತೆಗೆಯಬೇಕು ಅನ್ನುವ ಸ್ಟ್ಯಾಕಿನ ಮೂಲ ನಿಯಮವೇ ಹೋಯಿತು. ಜಾವಾದ ಡಾಕ್ಯುಮೆಂಟೇಶನ್ನೇ ಈಗ ಇದರ ಬದಲು ಡೆಕ್ ಬಳಸಿ ಅನ್ನುತ್ತೆ. ಪ್ರಾಪರ್ಟೀಸ್ ಕ್ಲಾಸ್ ಹ್ಯಾಶ್‌ಟೇಬಲ್‌ನಿಂದ ಬಂದಿದ್ದೂ ಇದೇ ಕಥೆ. ಸ್ಟ್ರಿಂಗ್ ಮಾತ್ರ ಇರಬೇಕಾದ ಕಡೆ ಏನು ಬೇಕಾದರೂ ಹಾಕಬಹುದು.

ಟೈಮ್‌ಸ್ಟ್ಯಾಂಪ್ ಇನ್ನೂ ಚೆನ್ನಾಗಿರೋ ಉದಾಹರಣೆ. ಅದು ಡೇಟ್‌ನ ಸಬ್‌ಕ್ಲಾಸ್. ಡೇಟನ್ನು ಟೈಮ್‌ಸ್ಟ್ಯಾಂಪ್ ಜೊತೆ ಹೋಲಿಸಿದರೆ ಸಮ ಅನ್ನಬಹುದು. ತಿರುಗಿಸಿ ಹೋಲಿಸಿದರೆ ಸಮ ಅಲ್ಲ ಅನ್ನುತ್ತೆ. ಇದನ್ನೂ ಡಾಕ್ಯುಮೆಂಟೇಶನ್‌ನಲ್ಲೇ ಬರೆದಿದ್ದಾರೆ. ಕಂಪೈಲ್ ಆಗುತ್ತೆ, ಅಂಕಿ ಚೆನ್ನಾಗಿದೆ, ಒಪ್ಪಂದ ಮುರಿದಿದೆ.

ಒಂದೇ ಜವಾಬ್ದಾರಿ ವಿಷಯದಲ್ಲಿ ಟೂಲ್ ಊಹೆ ಮಾಡಬಹುದು ಅಷ್ಟೇ. ಎಲ್‌ಕಾಮ್ 4 ಅಂತ ಒಂದು ಅಳತೆ ಇದೆ. ಎರಡು ಮೆಥಡ್ ಒಂದೇ ಫೀಲ್ಡ್ ಮುಟ್ಟಿದರೆ, ಅಥವಾ ಒಂದು ಇನ್ನೊಂದನ್ನು ಕರೆದರೆ, ಅವುಗಳ ನಡುವೆ ಗೆರೆ ಎಳೆಯಿರಿ. ಕೊನೆಗೆ ಎಷ್ಟು ಗುಂಪು ಉಳಿಯಿತು ಅಂತ ಎಣಿಸಿ. ಒಂದೇ ಗುಂಪಾದರೆ ಒಳ್ಳೇದು. ಎರಡಾದರೆ ಎರಡು ಕ್ಲಾಸ್ ಮಾಡಬಹುದೇನೋ. ಆದರೆ ಬರೀ ಗೆಟರ್ ಸೆಟರ್ ಇರುವ ಕ್ಲಾಸಿನಲ್ಲಿ ಎಷ್ಟು ಫೀಲ್ಡ್ ಇದೆಯೋ ಅಷ್ಟು ಗುಂಪು ಬರುತ್ತೆ. ಎಲ್ಲ ಮೆಥಡ್ ಒಂದೇ ಲಾಗರ್ ಫೀಲ್ಡ್ ಮುಟ್ಟಿದರೆ ಕಲಸುಮೇಲೋಗರ ಕ್ಲಾಸ್ ಕೂಡ ಒಂದೇ ಗುಂಪು ಅನಿಸಿಕೊಳ್ಳುತ್ತೆ. ಸೋನಾರ್ ಮೊದಲು ಈ ಅಳತೆ ತೋರಿಸುತ್ತಿತ್ತು, ಆಮೇಲೆ ತೆಗೆದುಹಾಕಿತು.

ನೀಲಿಕೊಡೆ

ಪೈಥಾನ್ ಕಡೆಯಿಂದ ಬರುತ್ತಿದ್ದೇನೆ. ಬೈಟ್‌ಕೋಡ್ ಅವರು ಹೇಳಿದ ಒಪ್ಪಂದದ ಚೆಕ್ ನಮ್ಮಲ್ಲಿ ಮೈಪೈ ಅನ್ನುವ ಟೈಪ್ ಚೆಕರ್ ಮಾಡುತ್ತೆ. ಸಬ್‌ಕ್ಲಾಸ್ ಒಂದು ಮೆಥಡನ್ನು ಓವರ್‌ರೈಡ್ ಮಾಡುವಾಗ ಆರ್ಗ್ಯುಮೆಂಟಿನ ಟೈಪನ್ನು ಕಿರಿದು ಮಾಡಿದರೆ, ಇದು ಲಿಸ್ಕೋವ್ ತತ್ವವನ್ನು (ಪೇರೆಂಟ್ ಇರುವ ಕಡೆ ಸಬ್‌ಕ್ಲಾಸ್ ಇಟ್ಟರೂ ಕೋಡ್ ಸರಿಯಾಗಿ ನಡೆಯಬೇಕು ಅನ್ನುವುದು) ಮುರಿಯುತ್ತೆ ಅಂತ ಹೆಸರು ಹಿಡಿದೇ ಹೇಳುತ್ತೆ. ಬಾರ್ಬರಾ ಲಿಸ್ಕೋವ್ 1987ರಲ್ಲಿ ಮಾತಾಡಿದ ವಿಷಯ ಇವತ್ತು ನನ್ನ ಟರ್ಮಿನಲ್ಲಿನಲ್ಲಿ ಎರರ್ ಆಗಿ ಬರುವುದು ನನಗೆ ನಿಜಕ್ಕೂ ಖುಷಿ ಕೊಡುತ್ತೆ. ಆದರೆ ಅದು ನೋಡುವುದು ಟೈಪ್ ಮಾತ್ರ. ಮೆಥಡ್ ಒಳಗಿನ ನಡವಳಿಕೆ ಬದಲಾದರೆ ಅದಕ್ಕೆ ಗೊತ್ತಾಗಲ್ಲ. ಸ್ಟ್ಯಾಕ್ ಉದಾಹರಣೆ ಇದಕ್ಕೂ ಸಿಗಲ್ಲ.

ಪೈಥಾನ್ 3.12ರಿಂದ ಓವರ್‌ರೈಡ್ ಡೆಕೊರೇಟರ್ ಕೂಡ ಬಂದಿದೆ. ಪೇರೆಂಟಿನಲ್ಲಿ ಮೆಥಡ್ ಹೆಸರು ಬದಲಾಯಿಸಿ ಸಬ್‌ಕ್ಲಾಸಿನಲ್ಲಿ ಮರೆತರೆ ಟೈಪ್ ಚೆಕರ್ ಹಿಡಿಯುತ್ತೆ.

ಆದರೆ ಪೈಥಾನ್ ಕೋಡ್ ಚೆಕ್ ಮಾಡುವ ಪೈಲಿಂಟ್‌ನ ಒಂದು ರೂಲ್ ನಮ್ಮ ಟೀಮಿಗೆ ತೊಂದರೆ ಕೊಟ್ಟಿತು. ಪಬ್ಲಿಕ್ ಮೆಥಡ್ ಎರಡಕ್ಕಿಂತ ಕಡಿಮೆ ಇದ್ದರೆ "ತುಂಬಾ ಕಡಿಮೆ" ಅನ್ನುತ್ತೆ. ಒಂದೇ ಕೆಲಸ ಮಾಡುವ ಚೊಕ್ಕ ಕ್ಲಾಸಿಗೂ ಎಚ್ಚರಿಕೆ. ಸುಮ್ನೆ ಬಾಯಿ ಮುಚ್ಚಿಸಲು ಯಾರೂ ಕರೆಯದ ಮೆಥಡ್ ಸೇರಿಸಿದವರನ್ನು ನೋಡಿದ್ದೇನೆ. ಆ ರೂಲ್ ಆಫ್ ಮಾಡಿದೆವು. ರೂಲ್ ಆಫ್ ಮಾಡುವುದಕ್ಕೆ ನಾಚಿಕೆ ಪಡಬೇಕಾಗಿಲ್ಲ.

ತುಂಗಾತೀರ

ಇಷ್ಟು ಬೇಗ ಇಷ್ಟು ಉತ್ತರ! ಎಲ್ಲರಿಗೂ ಧನ್ಯವಾದ.

ಒಂದು ವಿಷಯ ಬಿಟ್ಟಿದ್ದೆ. ಸ್ಪಾಟ್‌ಬಗ್ಸ್‌ನ ದೊಡ್ಡ ಪಾಲು ಒಂದೇ ಥರದ್ದು. "ಒಳಗಿನ ಬದಲಾಗಬಲ್ಲ ಆಬ್ಜೆಕ್ಟನ್ನು ಹೊರಗೆ ಕೊಡುತ್ತಿದ್ದೀರಿ" ಅನ್ನುವುದು. ಇದು ಮೊದಲ ಜಾತಿಯೋ ಎರಡನೇ ಜಾತಿಯೋ? ಇನ್ನೊಂದು, ಮೇಲಿನವರು ಪ್ರತಿ ತಿಂಗಳು ಟೀಮ್‌ವಾರು ಅಂಕಿ ತೋರಿಸಿ ಅನ್ನುತ್ತಿದ್ದಾರೆ.

ಬೈಟ್‌ಕೋಡ್

ಎರಡೂ ಅದರೊಳಗೇ ಇವೆ. ಪಾಲಿಸಿ ಕ್ಲಾಸ್ ತನ್ನ ಕಂತುಗಳ ಲಿಸ್ಟನ್ನು ಗೆಟರ್‌ನಲ್ಲಿ ನೇರ ಕೊಟ್ಟರೆ, ಹೊರಗಿನವರು ಯಾರು ಬೇಕಾದರೂ ಅದರಲ್ಲಿ ಒಂದು ಕಂತು ಅಳಿಸಬಹುದು. ಪಾಲಿಸಿಗೆ ಗೊತ್ತೇ ಆಗಲ್ಲ. ಒಟ್ಟು ಮೊತ್ತ ಬೇರೆ ಫೀಲ್ಡಿನಲ್ಲಿದ್ದರೆ ಎರಡೂ ತಾಳೆ ತಪ್ಪುತ್ತೆ. ಎನ್‌ಕ್ಯಾಪ್ಸುಲೇಶನ್ ಅಂತ ಓದಿದ್ದು ಇಲ್ಲೇ ಮುರಿಯುವುದು. ಫೀಲ್ಡ್ ಪ್ರೈವೇಟ್ ಇದ್ದ ಮಾತ್ರಕ್ಕೆ ಸಾಲದು. ಇಂಥದ್ದು ಮರ್ಜ್ ತಡೆಯಲಿ. ಕಾಪಿ ಕೊಡಿ, ಇಲ್ಲ ಬದಲಾಯಿಸಲು ಬಾರದ ಲಿಸ್ಟ್ ಕೊಡಿ.

ಆದರೆ ಸ್ಪ್ರಿಂಗ್ ಅನ್ನುವ ಜಾವಾ ಫ್ರೇಮ್‌ವರ್ಕ್ ಬಳಸುತ್ತಿದ್ದರೆ, ಒಂದು ಸರ್ವಿಸ್ ತನ್ನ ಕನ್‌ಸ್ಟ್ರಕ್ಟರ್‌ನಲ್ಲಿ ಇನ್ನೊಂದು ಸರ್ವಿಸ್ ತಗೊಂಡು ಇಟ್ಟುಕೊಂಡರೂ ಇದೇ ಗುಂಪಿನ ಎಚ್ಚರಿಕೆ ಬರುತ್ತೆ. ಅಲ್ಲಿ ಹಂಚಿಕೊಳ್ಳುವುದೇ ಉದ್ದೇಶ. ಕಾಪಿ ಮಾಡಿದರೆ ತಪ್ಪಾಗುತ್ತೆ. ಸ್ಪಾಟ್‌ಬಗ್ಸ್‌ನ ಫಿಲ್ಟರ್ ಫೈಲಿನಲ್ಲಿ ಸರ್ವಿಸ್ ಪ್ಯಾಕೇಜನ್ನು ಆ ರೂಲಿನಿಂದ ಹೊರಗಿಡಿ. ಡೊಮೇನ್ ಪ್ಯಾಕೇಜಿಗೆ ಮಾತ್ರ ಇರಲಿ. ನಿಮ್ಮ ಪಟ್ಟಿ ಗಣನೀಯವಾಗಿ ಇಳಿಯುತ್ತೆ.

ಜಾವಾ 16 ಅಥವಾ ಮುಂದಿನದಕ್ಕೆ ಹೋಗುವ ದಾರಿ ಇದ್ದರೆ, ಬರೀ ಡೇಟಾ ಹಿಡಿಯುವ ಕ್ಲಾಸುಗಳನ್ನು ರೆಕಾರ್ಡ್ ಮಾಡಿ. ಈಕ್ವಲ್ಸ್, ಹ್ಯಾಶ್‌ಕೋಡ್ ಕಂಪೈಲರೇ ಬರೆಯುತ್ತೆ. ಆ ಚೆಕ್‌ಗೆ ಅಲ್ಲಿ ಕೆಲಸವೇ ಇರಲ್ಲ. ಒಂದು ಎಚ್ಚರಿಕೆ ಪಟ್ಟಿಯಲ್ಲಿ ಪದೇ ಪದೇ ಬರುತ್ತಿದ್ದರೆ, ಆ ತಪ್ಪು ಬರೆಯಲೇ ಆಗದ ಹಾಗೆ ಮಾಡಲು ದಾರಿ ಇದೆಯಾ ಅಂತ ಮೊದಲು ನೋಡಬೇಕು. ನೆನಪಿರಲಿ, ರೆಕಾರ್ಡ್ ಒಳಗೆ ಲಿಸ್ಟ್ ಇದ್ದರೆ ಆ ಲಿಸ್ಟ್ ಹೊರಗಿನವರ ಕೈಗೆ ಹಾಗೇ ಹೋಗುತ್ತೆ. ಅದಕ್ಕೆ ಕನ್‌ಸ್ಟ್ರಕ್ಟರ್‌ನಲ್ಲಿ ಬದಲಾಯಿಸಲು ಬಾರದ ಕಾಪಿ ಮಾಡಿಕೊಳ್ಳಲೇಬೇಕು.

ಸಂಪಿಗೆ

ಟೀಮ್‌ವಾರು ಅಂಕಿ ಬೇಡ ಅಂತ ಗಟ್ಟಿಯಾಗಿ ಹೇಳಿ ತುಂಗಾತೀರ ಅವರೇ. ಈ ವಿಷಯದಲ್ಲಿ ನನಗೆ ಸಿಟ್ಟೂ ಇದೆ.

ಒಂದು ಕಡೆ ಕವರೇಜ್ ಶೇ. 80 ಅಂತ ಗುರಿ ಕೊಟ್ಟು, ಅದನ್ನು ವರ್ಷದ ರೇಟಿಂಗ್‌ಗೆ ಕಟ್ಟಿದರು. ಗುರಿ ಮುಟ್ಟಿದರು. ಟೆಸ್ಟ್ ತೆರೆದು ನೋಡಿದರೆ ಮೆಥಡ್ ಕರೆದಿದ್ದಾರೆ, ಅಸರ್ಟ್ (ಉತ್ತರ ಸರಿಯಾ ಅಂತ ನೋಡುವ ಸಾಲು) ಒಂದೂ ಇಲ್ಲ. ಕಂತು ತಪ್ಪಾಗಿ ಬಂದರೂ ಆ ಟೆಸ್ಟ್ ಪಾಸ್ ಆಗುತ್ತೆ. ಬರೆದ ಹುಡುಗರನ್ನು ಬೈದು ಪ್ರಯೋಜನ ಇಲ್ಲ. ಸಂಬಳ ಯಾವುದಕ್ಕೆ ಕಟ್ಟಿದ್ದಾರೋ ಅದನ್ನೇ ಕೊಟ್ಟಿದ್ದಾರೆ.

ಲೆಕ್ಕದ ಭಾಗಕ್ಕೆ ಪಿಐಟಿ ಅನ್ನುವ ಮ್ಯುಟೇಶನ್ ಟೂಲ್ ಓಡಿಸಿ ನೋಡಿ. ಅದು ಕೋಡಿನಲ್ಲಿ ಬೇಕಂತಲೇ ಸಣ್ಣ ತಪ್ಪು ಮಾಡುತ್ತೆ. ಕೂಡಿಸುವ ಕಡೆ ಕಳೆಯುತ್ತೆ, ದೊಡ್ಡದು ಅನ್ನುವ ಕಡೆ ದೊಡ್ಡದು ಅಥವಾ ಸಮ ಅನ್ನುತ್ತೆ. ಆಮೇಲೆ ನಿಮ್ಮ ಟೆಸ್ಟ್ ಓಡಿಸುತ್ತೆ. ಯಾವ ಟೆಸ್ಟೂ ಬೀಳದಿದ್ದರೆ ಆ ಸಾಲನ್ನು ನಿಜವಾಗಿ ಯಾರೂ ಕಾಯುತ್ತಿಲ್ಲ ಅಂತ ಅರ್ಥ. ನಿಧಾನ ಓಡುತ್ತೆ, ಇಡೀ ಪ್ರಾಜೆಕ್ಟಿಗೆ ಬೇಡ. ದುಡ್ಡು ಲೆಕ್ಕ ಹಾಕುವ ಪ್ಯಾಕೇಜಿಗೆ ಮಾತ್ರ ಸಾಕು.

ಹುಬ್ಬಳ್ಳಿ_ಹುಡುಗ

ಎಚ್ಚರಿಕೆ ಅಡಗಿಸುವುದರ ಬಗ್ಗೆ ಒಂದು ಮಾತು. ನಮ್ಮಲ್ಲಿ ಮಿಸ್ರಾ ಅನ್ನುವ, ಸುರಕ್ಷಿತ ಕೋಡ್ ಬರೆಯುವ ನಿಯಮಗಳ ಪಟ್ಟಿ ಪಾಲಿಸಬೇಕು. ಅದರಲ್ಲಿ ನಿಯಮ ಮೀರಲು ಅವಕಾಶ ಇದೆ, ಆದರೆ ಯಾಕೆ ಮೀರಿದ್ದೀರಿ, ಏನು ಅಪಾಯ, ಯಾರು ಒಪ್ಪಿದರು ಎಲ್ಲ ಬರೆದಿಡಬೇಕು. ಅಷ್ಟು ಬಿಗಿ ನಿಮಗೆ ಬೇಡ. ಆದರೆ ಸಪ್ರೆಸ್ ಮಾಡಿದ ಪ್ರತಿ ಕಡೆ ಒಂದು ಸಾಲು ಕಾರಣ ಇರಲೇಬೇಕು ಅನ್ನುವ ನಿಯಮ ಮಾಡಿ. ಸ್ಪಾಟ್‌ಬಗ್ಸ್‌ನ ಅನೊಟೇಶನ್‌ನಲ್ಲಿ ಕಾರಣ ಬರೆಯಲು ಜಾಗವೇ ಇದೆ. ಕಾರಣ ಬರೆಯಲು ಕೂತಾಗ "ಅಯ್ಯೋ, ಇದು ನಿಜವಾಗಿಯೂ ಬಗ್" ಅಂತ ಗೊತ್ತಾಗುವುದು ಬಹಳ ಸಲ.

ದೂರದೂರು

ಮ್ಯೂನಿಕ್‌ನಿಂದ ನಮಸ್ಕಾರ. ಕೋಡಿನ ರಚನೆಗೆ ನಾವೇ ರೂಲ್ ಬರೆದು ಚೆಕ್ ಮಾಡುವ ಆರ್ಚ್‌ಯುನಿಟ್ ಟೂಲಿನ ಹೆಸರನ್ನು ಯಾರೂ ತೆಗೆಯಲಿಲ್ಲ ಅಂತ ಬರೆಯುತ್ತಿದ್ದೇನೆ. ನನಗೆ ಹಳೇ ಕೋಡಿನಲ್ಲಿ ಅತಿ ಹೆಚ್ಚು ಉಪಯೋಗ ಆಗಿದ್ದು ಅದೇ.

ಇಲ್ಲಿಯ ತನಕ ಮಾತಾಡಿದ್ದೆಲ್ಲ ಹೊರಗಿನವರು ಬರೆದ ರೂಲ್. ಅವಕ್ಕೆ ವಿಮೆ ಗೊತ್ತಿಲ್ಲ. ನಿಮ್ಮ ಕೋಡ್ ಹೇಗಿರಬೇಕು ಅಂತ ನಿಮ್ಮ ಟೀಮಿಗೆ ಮಾತ್ರ ಗೊತ್ತು. ಕಂಟ್ರೋಲರ್ (ಹೊರಗಿನ ರಿಕ್ವೆಸ್ಟ್ ತಗೊಳ್ಳುವ ಕ್ಲಾಸ್) ನೇರವಾಗಿ ರೆಪಾಸಿಟರಿ (ಡೇಟಾಬೇಸ್ ಓದಿ ಬರೆಯುವ ಕ್ಲಾಸ್) ಮುಟ್ಟಬಾರದು. ಕಂತಿನ ಪ್ಯಾಕೇಜ್ ಕ್ಲೇಮ್ ಪ್ಯಾಕೇಜಿನ ಒಳಗಿನ ಕ್ಲಾಸ್ ಬಳಸಬಾರದು. ಪ್ಯಾಕೇಜುಗಳ ನಡುವೆ ಸುತ್ತು ಬರಬಾರದು. ಇವನ್ನು ಜೆಯುನಿಟ್ ಟೆಸ್ಟ್ ಥರವೇ ಬರೆಯಬಹುದು. ಮುರಿದರೆ ಟೆಸ್ಟ್ ಬೀಳುತ್ತೆ, ಯಾವ ಕ್ಲಾಸ್ ಯಾವುದನ್ನು ಮುಟ್ಟಿತು ಅಂತ ಸಾಲು ಸಮೇತ ಹೇಳುತ್ತೆ.

ಇದರಲ್ಲಿ ತಪ್ಪು ಎಚ್ಚರಿಕೆ ಅನ್ನುವ ಜಗಳವೇ ಇಲ್ಲ. ರೂಲ್ ನಿಮ್ಮದು. ಒಪ್ಪಿಗೆ ಇಲ್ಲದಿದ್ದರೆ ರೂಲ್ ಬದಲಾಯಿಸಲು ಪುಲ್ ರಿಕ್ವೆಸ್ಟ್ ಹಾಕಿ, ಎಲ್ಲರೂ ಮಾತಾಡಿ. ನನ್ನ ಮಟ್ಟಿಗೆ ಮರ್ಜ್ ತಡೆಯುವ ಮೊದಲ ಹಕ್ಕು ಇಂಥ ರೂಲಿಗೇ.

ಗೇಟ್_ಇರಲಿ

ದೂರದೂರು ಅವರ ಮಾತು ಒಪ್ಪಿದೆ. ಅಂಕಿಯನ್ನೂ ಹೀಗೇ ಬಳಸಬಹುದು ಅನ್ನುವುದು ನನ್ನ ವಾದ. "47 ಮೀರಬಾರದು" ಅನ್ನುವುದು ಬೇಡ. "ಈಗಾಗಲೇ ದೊಡ್ಡದಾದ ಕ್ಲಾಸ್ ಇನ್ನೂ ಬೆಳೆಯಬಾರದು" ಅನ್ನಿ. ಇದ್ದಷ್ಟೇ ಇರಲಿ, ಇಲ್ಲ ಇಳಿಯಲಿ.

ಬೈಟ್‌ಕೋಡ್

ಅದಾದರೆ ಸರಿ. ಹೆಲ್ಪರ್ 2 ಹುಟ್ಟುವ ಭಯ ಇನ್ನೂ ಇದೆ. ಬೆಳೆಯುವಾಗ ಇನ್ನೊಬ್ಬರ ಒಪ್ಪಿಗೆ ಕಡ್ಡಾಯ ಅಂತ ಮಾಡಿದರೆ ನನಗೆ ಇನ್ನೂ ಇಷ್ಟ. ಪೂರ್ತಿ ತಡೆಯುವುದರಲ್ಲಿ ನಮ್ಮಿಬ್ಬರ ಅಭಿಪ್ರಾಯ ಬೇರೆಯಾಗಿಯೇ ಇರಲಿ.

ತುಂಗಾತೀರ

ನಾನು ನಾಳೆ ಮೀಟಿಂಗ್‌ನಲ್ಲಿ ಇಡುವುದು ಇಷ್ಟು. ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್, ಕನ್‌ಸ್ಟ್ರಕ್ಟರ್‌ನಲ್ಲಿ ಓವರ್‌ರೈಡ್, ಡೊಮೇನ್ ಪ್ಯಾಕೇಜಿನಲ್ಲಿ ಒಳಗಿನ ಲಿಸ್ಟ್ ಹೊರಗೆ ಕೊಡುವುದು, ಈ ಮೂರು ಹೊಸ ಕೋಡಿನಲ್ಲಿ ಮರ್ಜ್ ತಡೆಯುತ್ತವೆ. ಗಾಡ್ ಕ್ಲಾಸ್ ಅಂಕಿ ಬೆಳೆದರೆ ಇನ್ನೊಬ್ಬರ ಒಪ್ಪಿಗೆ ಬೇಕು. ಟೀಮ್‌ವಾರು ಪಟ್ಟಿ ಇಲ್ಲ. ಸಪ್ರೆಸ್‌ಗೆ ಕಾರಣ ಕಡ್ಡಾಯ. ದುಡ್ಡಿನ ಪ್ಯಾಕೇಜಿಗೆ ಪಿಐಟಿ.

ಆರ್ಚ್‌ಯುನಿಟ್ ಒಂದೇ ಅನುಮಾನ. ಕಂಟ್ರೋಲರ್ ನೇರ ರೆಪಾಸಿಟರಿ ಮುಟ್ಟಿರುವ ಕಡೆ ನಮ್ಮಲ್ಲಿ ಈಗಾಗಲೇ ಬಹಳ ಇದೆ. ರೂಲ್ ಬರೆದ ದಿನವೇ ಬಿಲ್ಡ್ ಕೆಂಪಾಗುತ್ತಲ್ವಾ?

ದೂರದೂರು

ಆಗಲ್ಲ. ಅದಕ್ಕೆ ಫ್ರೀಜ್ ಅಂತ ಒಂದು ದಾರಿ ಇದೆ. ರೂಲನ್ನು ಫ್ರೀಜ್ ಒಳಗೆ ಸುತ್ತಿ. ಮೊದಲ ಸಲ ಓಡಿದಾಗ ಇರುವ ಎಲ್ಲ ಉಲ್ಲಂಘನೆಗಳನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಡುತ್ತೆ. ಆಮೇಲೆ ಹೊಸದು ಬಂದರೆ ಮಾತ್ರ ಟೆಸ್ಟ್ ಬೀಳುತ್ತೆ. ಹಳೇದನ್ನು ಯಾರಾದರೂ ಸರಿಪಡಿಸಿದರೆ ಫೈಲಿನಿಂದ ತಾನೇ ತೆಗೆಯುತ್ತೆ, ಮತ್ತೆ ಬಂದರೆ ಹೊಸದು ಅಂತಲೇ ಲೆಕ್ಕ. ಸಾಲಿನ ನಂಬರ್ ಬದಲಾದರೆ ಗೊಂದಲ ಆಗಲ್ಲ, ಹೋಲಿಸುವಾಗ ಅದನ್ನು ಲೆಕ್ಕಕ್ಕೆ ತಗೊಳ್ಳಲ್ಲ.

ಎರಡು ಎಚ್ಚರ. ಆ ಫೈಲನ್ನು ಗಿಟ್‌ಗೆ ಕಮಿಟ್ ಮಾಡಿ. ಮೊದಲ ಸಲ ಫೈಲ್ ಹುಟ್ಟಲು ಕಾನ್ಫಿಗರೇಶನ್‌ನಲ್ಲಿ ಅನುಮತಿ ಕೊಡಬೇಕು, ಡೀಫಾಲ್ಟ್ ಆಗಿ ಕೊಡಲ್ಲ. ನಿಮ್ಮ ಮಶೀನಿನಲ್ಲಿ ಒಂದು ಸಲ ಆನ್ ಮಾಡಿ, ಫೈಲ್ ಆದ ಮೇಲೆ ಆಫ್ ಮಾಡಿ. ಸಿಐ ಸರ್ವರಿನಲ್ಲಿ (ಬಿಲ್ಡ್, ಟೆಸ್ಟ್ ತಾನಾಗಿ ಓಡಿಸುವ ಮಶೀನು) ಆನ್ ಇಟ್ಟರೆ, ಫೈಲ್ ಸಿಗದ ದಿನ ಅದು ಎಲ್ಲ ಉಲ್ಲಂಘನೆಗಳನ್ನೂ ಹಳೇದು ಅಂತ ಹೊಸದಾಗಿ ಬರೆದುಕೊಂಡು ಪಾಸ್ ಮಾಡಿಬಿಡುತ್ತೆ.

ಎರಡನೆಯದು, ಪ್ಯಾಕೇಜ್ ಹೆಸರು ಬದಲಾಯಿಸಿದಾಗ ರೂಲಿಗೆ ಒಂದೂ ಕ್ಲಾಸ್ ಸಿಗದೇ ಹೋಗಬಹುದು. ಹೊಸ ಆವೃತ್ತಿಗಳಲ್ಲಿ ಹಾಗಾದರೆ ಟೆಸ್ಟ್ ಬೀಳುತ್ತೆ. ಕಿರಿಕಿರಿ ಅಂತ ಕೆಲವರು ಆ ಸೆಟ್ಟಿಂಗ್ ಆಫ್ ಮಾಡುತ್ತಾರೆ. ನೀವು ಮಾಡಬೇಡಿ. ಮೊದಲ ರೂಲ್ ಬರೆದಾಗ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.